ಕಾಫಿ ದರದ ಗ್ರೂಪಿಗೆ ರಾಜಕೀಯ ಬಂದಾಗ

ಕೊಡಗಿನ ಕಾಫಿ, ಕರಿಮೆಣಸು ದರದ ವಾಟ್ಸಾಪ್ ಗ್ರೂಪುಗಳಲ್ಲಿ ಜಮ್ಮಾ ಜಮೀನು (ಇಲ್ಲಿನ ವಂಶಪಾರಂಪರ್ಯದ ಹಿಡುವಳಿ), ಟಿಪ್ಪು ಜಯಂತಿ ಎಂದೊಡನೆ ಜಗಳ ಹತ್ತಿಕೊಳ್ಳುತ್ತದೆ. ಹಿಡಿಸದ ಅಭಿಪ್ರಾಯಕ್ಕೆಲ್ಲ ರಿಪೋರ್ಟ್ ಒತ್ತುವುದು ನನ್ನ ಮಟ್ಟಿಗೆ ಅನ್ಯಾಯ. ಅಲ್ಲದೆ ರಿಪೋರ್ಟ್ ಮಾಡಿದರೆ ಕೊನೆಯ 5 ಮೆಸೇಜ್ ಕಂಪನಿಗೆ ಹೋಗುತ್ತವೆ, ಅಷ್ಟೇ. ಗ್ರೂಪಿನಲ್ಲಿ ಅವು ಹಾಗೇ ಇರುತ್ತವೆ. ಅಳಿಸಬೇಕಾದವರು ಅಡ್ಮಿನ್.

ಬೆದರಿಕೆಯೋ ಜಾತಿ-ಧರ್ಮದ ನಿಂದನೆಯೋ ಇದ್ದರೆ ಮೊದಲು ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಮೆಸೇಜನ್ನು ಒತ್ತಿ ಹಿಡಿದು ಎಲ್ಲರಿಗೂ ಅಳಿಸಿ. ಈ ಕ್ರಮ ತಪ್ಪಿದರೆ ಪೊಲೀಸರಿಗೆ ತೋರಿಸಲು ಕೈಯಲ್ಲಿ ಏನೂ ಉಳಿಯದು. ಅಳಿಸಿದ ಅಡ್ಮಿನ್ ಯಾರೆಂಬುದು ಎಲ್ಲರಿಗೂ ಕಾಣುತ್ತದೆ. ಕಾರಣವನ್ನು ಒಂದೇ ಸಾಲಿನಲ್ಲಾದರೂ ಬರೆಯಿರಿ, ಇಲ್ಲದಿದ್ದರೆ ಪಕ್ಷಪಾತದ ಮಾತು ಬರುತ್ತದೆ.

ಜಗಳ ಬಲಿತರೆ, ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ, ದರ ಹಾಕುತ್ತಿರಿ. ಮರುದಿನ ತೆರೆದರಾಯಿತು.