ಮಕ್ಕಳ ಕಥೆಗೆ ಕತ್ತಲೆಯೂ ಬೇಕು

ಅದೇ ಹೆಸರಿನ ಮಕ್ಕಳ ಪುಸ್ತಕಗಳಿಂದ ಮಾಡಿದ ‘ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್’ ಸರಣಿಯನ್ನು ಅಕ್ಕನ ಮಗಳ ಜೊತೆ ನೋಡಿ ಮುಗಿಸಿದೆ. ಅನಾಥರಾದ ಮೂವರು ಮಕ್ಕಳು, ಅವರ ಆಸ್ತಿಯ ಹಿಂದೆ ಬಿದ್ದ ಕೌಂಟ್ ಓಲಾಫ್. 2004ರ ಸಿನಿಮಾ ಮೊದಲ ಮೂರು ಪುಸ್ತಕಗಳನ್ನು ಒಂದರಲ್ಲೇ ತುರುಕಿತ್ತು. 2017ರಿಂದ 2019ರವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಈ ಸರಣಿ 13 ಪುಸ್ತಕಗಳಿಗೆ 25 ಕಂತು ಕೊಟ್ಟಿದೆ. ಪುಸ್ತಕಕ್ಕೆ ಎರಡೆರಡು, ಕೊನೆಯದಕ್ಕೆ ಮಾತ್ರ ಒಂದು.

ನನಗೆ ತುಂಬಾ ಹಿಡಿಸಿದ್ದು ಕಥೆ ಹೇಳುವವನು. ಪುಸ್ತಕದ ಜೀವ ಇರುವುದೇ ಅವನ ದನಿಯಲ್ಲಿ. ಆ ದನಿಯನ್ನು ಹಿನ್ನೆಲೆಗೆ ತಳ್ಳದೆ, ಮನುಷ್ಯನನ್ನೇ ದೃಶ್ಯದೊಳಗೆ ನಿಲ್ಲಿಸಿದ್ದಾರೆ. ಆ ಪಾತ್ರ ಮಾಡಿದ ನಟ ಪ್ಯಾಟ್ರಿಕ್ ವಾರ್ಬರ್ಟನ್ ಸೂಟು ತೊಟ್ಟು ನಡುವೆ ಬರುತ್ತಾನೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಮುಂದಿನ ಕಷ್ಟ ಹೇಳುತ್ತಾನೆ. ಪಕ್ಕದಲ್ಲೇ ಇರುವ ಮಕ್ಕಳಿಗೆ ಅವನು ಕಾಣುವುದೇ ಇಲ್ಲ. ನಮ್ಮ ಮೂಡಲಪಾಯ ಯಕ್ಷಗಾನದಲ್ಲಿ ಕಥೆ ನಡೆಸುವ ಭಾಗವತರ ಹಾಗೇ, ಅಲ್ವಾ?

ಓಲಾಫ್ ವೇಷ ಹಾಕಿ ಬಂದಾಗಲೆಲ್ಲ ಅಕ್ಕನ ಮಗಳಿಗೆ ಸಿಟ್ಟು. “ಚಿಕ್ಕಮ್ಮ, ಮಕ್ಕಳು ಅಷ್ಟು ಹೇಳಿದ್ರೂ ದೊಡ್ಡವರು ಯಾಕೆ ನಂಬಲ್ಲ?” ಸರಣಿಯ ನಿಜವಾದ ಭಯ ಅದೇ. ಅದನ್ನು ಸ್ವಲ್ಪವೂ ತೆಳು ಮಾಡಿಲ್ಲ, ಅದಕ್ಕೇ ನಗುವೂ ಬರುತ್ತದೆ.

ನಮ್ಮ ಮೈಸೂರಲ್ಲಿ ರಂಗಾಯಣದ ಮಕ್ಕಳ ಬೇಸಿಗೆ ಶಿಬಿರ ‘ಚಿಣ್ಣರ ಮೇಳ’ದಿಂದ ಎಷ್ಟೊಂದು ಚುರುಕು ಮಕ್ಕಳು ಬರುತ್ತಾರೆ. ಅವರನ್ನೇ ಇಟ್ಟುಕೊಂಡು ಕನ್ನಡದಲ್ಲೂ ಯಾರಾದರೂ ಇಂಥದ್ದೊಂದು ಮಾಡಲಿ. ಸುಮ್ನೆ ಬುದ್ಧಿಮಾತಿನ ಧಾರಾವಾಹಿ ಮಾತ್ರ ಬೇಡ.