ಬೆಂಚಿನ ಮೇಲೆ ಕೂತಿದ್ದವರನ್ನು ನಾನು ಒಳಗೆ ಕರೆಯಲಿಲ್ಲ

ಅಪಘಾತ ಪರಿಹಾರದ ಕೇಸು ನಡೆಸುವ ವಕೀಲರ ಕಚೇರಿಯಲ್ಲಿ ನನ್ನ ಕೆಲಸ. ಕೈಕಾಲು ಮುರಿದ ಕೇಸು ನಮಗೆ ಸುಲಭ. ಎಕ್ಸ್-ರೇ ತೋರಿಸಿದರೆ ಅರ್ಧ ವಾದ ಮುಗಿದಂತೆ. ತಲೆಗೆ ಪೆಟ್ಟು ಬಿದ್ದ ಕೇಸು ಹಾಗಲ್ಲ.

ಬೈಕಿನಿಂದ ಬಿದ್ದ ಕಕ್ಷಿದಾರರೊಬ್ಬರಿದ್ದರು. ಆಸ್ಪತ್ರೆಯ ಕಾಗದದಲ್ಲಿ ಜಿಸಿಎಸ್ 14, ಸಿಟಿ ಸ್ಕ್ಯಾನ್ ನಾರ್ಮಲ್. ಎರಡು ಸಲ ಹೇಳಿದ ದಿನ ಬರಲಿಲ್ಲ. ಮೂರನೇ ಸಲ ಬಂದರು, ಬೇಕಾದ ಕಾಗದ ಬರಲಿಲ್ಲ. "ನಿಮ್ಮ ಕೇಸು ನಿಮಗೇ ಬೇಡವಾದರೆ ನಾವೇನು ಮಾಡೋಣ?" ಅಂತ ಸಿಡುಕಿದೆ. ತಲೆ ತಗ್ಗಿಸಿದರು. ಆರೋಗ್ಯ ಹೇಗಿದೆ ಅಂದೆ. "ಚೆನ್ನಾಗಿದ್ದೀನಿ ಸಾರ್" ಅಂದರು. ಅದನ್ನೇ ಫೈಲಿನಲ್ಲಿ ಬರೆದುಕೊಂಡೆ. ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಆಗಷ್ಟೇ ನಮ್ಮ ಕಚೇರಿ, ಮಿದುಳಿಗೆ ಪೆಟ್ಟಾದವರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸೇವಾ ಸಂಸ್ಥೆಗೆ ನೆರವು ಕೊಡಲು ಶುರು ಮಾಡಿತ್ತು. ನೆರವು ಅಂದರೆ ಒಂದು ಚೆಕ್, ಒಂದು ಬ್ಯಾನರ್, ಒಂದು ಫೋಟೋ. ಸಂಸ್ಥೆ ನಡೆಸುವ ಮೇಡಂ ನೇರ ಮಾತಿನವರು. "ಚೆಕ್ ಬೇಡ ಅನ್ನಲ್ಲ. ಆದರೆ ಫಾರಂ ತುಂಬಿಸೋಕೆ ತಿಂಗಳಿಗೊಂದು ದಿನ ಒಬ್ಬರನ್ನ ಕಳಿಸಿ. ವಿಸಿಟಿಂಗ್ ಕಾರ್ಡ್ ಮಾತ್ರ ತರೋದು ಬೇಡ" ಅಂದರು. ಸರಿಯಾದ ಮಾತೇ. ನೊಂದವರು ಕೂತ ಕಡೆ ಕೇಸು ಹುಡುಕಿಕೊಂಡು ಹೋದರೆ ಅದು ವ್ಯಾಪಾರ, ಅಲ್ವಾ? ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯ ನಾನು. ನನ್ನನ್ನೇ ಕಳಿಸಿದರು.

ಅಲ್ಲಿ ಫಾರಂ ತುಂಬಿಸಿದ್ದು ಕಡಿಮೆ, ಕೇಳಿಸಿಕೊಂಡದ್ದು ಜಾಸ್ತಿ. ಅರ್ಧ ಗಂಟೆ ಮಾತಾಡಿದರೆ ಸುಸ್ತಾಗಿ ಮಲಗುವವರು, ಮಕ್ಕಳು ಟಿವಿ ಹಾಕಿದರೆ ಸಿಡಿದು ಬೀಳುವವರು, ಒಂದು ಕೆಲಸದ ನಡುವೆ ಇನ್ನೊಂದು ಬಂದರೆ ಎರಡನ್ನೂ ಕೈಬಿಡುವವರು. ಒಬ್ಬರ ತಾಯಿ ಇದನ್ನೆಲ್ಲ ಹೇಳುತ್ತಿದ್ದರೆ, ಪಕ್ಕದಲ್ಲೇ ಕೂತ ಮಗ "ನನಗೇನೂ ಆಗಿಲ್ಲ" ಅನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿಲ್ಲ ಅಂತ ಮೇಡಂ ಆಮೇಲೆ ವಿವರಿಸಿದರು. ತನ್ನಲ್ಲಿ ಆದ ಬದಲಾವಣೆಯನ್ನು ಗುರುತಿಸಬೇಕಾದದ್ದೂ ಮಿದುಳೇ. ಕೆಲವರಲ್ಲಿ ಪೆಟ್ಟು ಬಿದ್ದಿರುವುದು ಹಾಗೆ ಗುರುತಿಸುವ ಶಕ್ತಿಗೇ.

ಆ 14ರ ಅರ್ಥವೂ ನನಗೆ ಅಲ್ಲೇ ಆದದ್ದು. ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದ ಅಳತೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13 ಮತ್ತು ಮೇಲೆ ಇದ್ದರೆ 'ಮೈಲ್ಡ್'. ಆದರೆ ಅದು ಆ ಹೊತ್ತಿನ ಎಚ್ಚರದ ಅಳತೆ. ಆರು ತಿಂಗಳ ನಂತರ ಆ ಮನುಷ್ಯ ಲೆಕ್ಕ ಬರೆಯಬಲ್ಲನೇ ಅನ್ನುವುದನ್ನು ಅದು ಹೇಳುವುದಿಲ್ಲ. ಸಿಟಿ ಸ್ಕ್ಯಾನೂ ಅಷ್ಟೇ. ರಕ್ತಸ್ರಾವ, ಬುರುಡೆಯ ಬಿರುಕು ತೋರಿಸುತ್ತದೆ. ಜಗ್ಗಿಹೋದ ಸೂಕ್ಷ್ಮ ನರತಂತುಗಳು ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ.

ವಾಪಸ್ ಬಂದು ಆ ಫೈಲ್ ತೆಗೆದೆ. ರಾಜಿಗೆ ವಿಮಾ ಕಂಪನಿಯ ಮೊತ್ತ ಬಂದಿತ್ತು. ಒಪ್ಪಿಕೊಳ್ಳಿ ಅನ್ನುವುದರಲ್ಲಿದ್ದೆ. ಪೂರ್ತಿ ಪರಿಹಾರ ಬಂತು ಅಂತ ಒಮ್ಮೆ ಸಹಿ ಹಾಕಿದರೆ ಕೇಸನ್ನು ಮತ್ತೆ ತೆರೆಸುವುದು ಬಹಳ ಕಷ್ಟ. ಮೊದಲು ಅವರ ಹೆಂಡತಿಗೆ ಫೋನ್ ಮಾಡಿದೆ. "ನನ್ನನ್ನ ಯಾರೂ ಕೇಳಲೇ ಇಲ್ವಲ್ಲ ಸಾರ್" ಅಂತ ಶುರು ಮಾಡಿದವರು ಮುಕ್ಕಾಲು ಗಂಟೆ ಮಾತಾಡಿದರು. ಗೋದಾಮಿನ ಲೆಕ್ಕ ತಪ್ಪಿ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ರಾಜಿ ಮಾತು ನಿಲ್ಲಿಸಿ, ನೆನಪು, ಗಮನ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆಗೆ ಕಳಿಸಿದೆವು.

ಈಗ ಇಂಥವರನ್ನು ಬೆಳಿಗ್ಗೆಯೇ ಕರೆಯುತ್ತೇನೆ, ಅರ್ಧ ಗಂಟೆಗಿಂತ ಕೂರಿಸುವುದಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ. ತರಬೇಕಾದ ಕಾಗದದ ಪಟ್ಟಿ ಹಿಂದಿನ ದಿನವೇ ಮನೆಯವರ ಫೋನಿಗೆ ಹೋಗುತ್ತದೆ. ಮನೆಯವರಿಗೆ ಡೈರಿ ಬರೆಯಿರಿ ಅನ್ನುತ್ತೇನೆ. 'ಸಿಟ್ಟು ಜಾಸ್ತಿ' ಅಂತ ಬರೆದರೆ ಸಾಲದು, ಯಾವ ದಿನ ಏನಾಯಿತು ಅಂತ ಬರೆಯಬೇಕು.

ಮುಂದಿನ ಭೇಟಿಗೆ ಇಬ್ಬರೂ ಒಳಗೆ ಬಂದರು. ಅವತ್ತು ಹಾಗೆ ಮಾತಾಡಬಾರದಿತ್ತು, ತಪ್ಪಾಯಿತು ಅಂದೆ.

"ಯಾವತ್ತು ಸಾರ್?" ಅಂದರು ಅವರು. ನೆನಪಿರಲಿಲ್ಲ.

ಅವರ ಹೆಂಡತಿಗೆ ನೆನಪಿತ್ತು.