ಎಲ್ಲಿಂದ ಶುರು ಮಾಡೋದು? ಟೀವಿ ರಿಮೋಟ್‌ನಿಂದ

ನಮ್ಮ ಮನೆಗೆ ಬಂದವರು ನನ್ನ ಮೇಜಿನ ಮೇಲಿನ ವೈರು, ಬೋರ್ಡು, ಬಿಚ್ಚಿಟ್ಟ ರೇಡಿಯೊ ನೋಡಿ ಕೇಳುವ ಪ್ರಶ್ನೆ ಒಂದೇ. "ನನಗೂ ಇದೆಲ್ಲ ಕಲೀಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು?" ಮೊನ್ನೆ ಪಕ್ಕದ ಮನೆಯ ಪಿಯುಸಿ ಹುಡುಗ ಕೇಳಿದ. ಅದಕ್ಕೂ ಮುಂಚೆ ಹೊಸದಾಗಿ ರಿಟೈರ್ ಆದ ನಮ್ಮ ಸೋದರಮಾವ ಕೇಳಿದರು. ತುಂಬಾ ಜನ ಪ್ರಶ್ನೆಯ ಜೊತೆಗೇ ಉತ್ತರವನ್ನೂ ತಂದಿರುತ್ತಾರೆ. "ಆರ್ಡುಯಿನೊ ಕಿಟ್ ತಗೊಳ್ಳಲಾ?"

ಈಗಲೇ ಬೇಡ ಅನ್ನುತ್ತೇನೆ. ಆರ್ಡುಯಿನೊ ಒಳ್ಳೆಯದೇ. 2005ರಲ್ಲಿ ಇಟಲಿಯ ಇವ್ರೇಯಾ ಊರಿನಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ಸುಲಭವಾಗಲಿ ಅಂತ ಹುಟ್ಟಿದ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡು ಅದು. ನನ್ನ ಹತ್ತಿರವೂ ಎರಡಿವೆ. ಆದರೆ ಕಿಟ್ ತಂದವರು ಮೊದಲ ದಿನ ಎಲ್‌ಇಡಿ ಮಿನುಗಿಸುತ್ತಾರೆ, ತಿಂಗಳಾಗುವಷ್ಟರಲ್ಲಿ ಡಬ್ಬಿ ಅಟ್ಟ ಸೇರಿರುತ್ತದೆ. ನಾನು ನೋಡಿದ್ದು ಇದೇ ಜಾಸ್ತಿ. ಕಿಟ್‌ನಲ್ಲಿ ಪ್ರಶ್ನೆಯೂ ಅದರದ್ದೇ, ಉತ್ತರವೂ ಅದರದ್ದೇ. ಕೆಟ್ಟುಹೋದ ವಸ್ತು ಹಾಗಲ್ಲ. ನಿನ್ನೆ ನಡೆಯುತ್ತಿತ್ತು, ಇವತ್ತು ನಡೆಯುತ್ತಿಲ್ಲ. ಯಾಕೆ ಅನ್ನೋದು ತಲೆ ಕೊರೆಯೋಕೆ ಶುರುವಾಗುತ್ತದೆ. ಆ ಕೊರೆತವೇ ಕಲಿಸುವುದು.

ಹಾಗಾಗಿ ನನ್ನ ಉತ್ತರ: ನಿಮ್ಮ ಮನೆಯ ಟೀವಿ ರಿಮೋಟ್. ಪ್ಲಾಸ್ಟಿಕ್ ಕವರ್ ತೊಡಿಸಿ, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಅಂಗೈಗೆ ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಮಾಡುತ್ತದಲ್ಲ, ಅದೇ. ಎರಡು ಸಣ್ಣ ಸೆಲ್, ಒಟ್ಟು 3 ವೋಲ್ಟ್. ಶಾಕ್ ಹೊಡೆಯುವ ಭಯವಿಲ್ಲ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿಯನ್ನು ಅದರ ಕಡೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನೇರಳೆಯಾಗಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಇರುವುದುಂಟು, ಅದಕ್ಕೇ ಸೆಲ್ಫಿ ಕ್ಯಾಮೆರಾ. ಒಂದು ಗುಂಡಿಗೆ ಮಿನುಗಿ ಇನ್ನೊಂದಕ್ಕೆ ಮಿನುಗದಿದ್ದರೆ ಸೆಲ್ಲೂ ಸರಿಯಿದೆ, ಎಲ್‌ಇಡಿಯೂ ಸರಿಯಿದೆ, ತೊಂದರೆ ಆ ಗುಂಡಿಯ ಕೆಳಗೇ ಇದೆ. ಇನ್ನೂ ಒಂದು ಸ್ಕ್ರೂ ಕೂಡ ತೆಗೆದಿಲ್ಲ, ಅರ್ಧ ರಿಪೇರಿ ಆಗಿಯೇ ಹೋಯಿತು!

ಈಗ ಬಿಚ್ಚಿ. ಸ್ಕ್ರೂ ಸಾಮಾನ್ಯವಾಗಿ ಸೆಲ್ ಕೂರುವ ಜಾಗದಲ್ಲಿ ಇರುತ್ತದೆ. ಅಂಚಿನಲ್ಲಿ ಹಳೇ ಎಟಿಎಂ ಕಾರ್ಡ್ ತೂರಿಸಿ ಮೆಲ್ಲಗೆ ಜಾರಿಸಿದರೆ ಎರಡು ಹೋಳಾಗುತ್ತದೆ. ಒಳಗೆ ಒಂದು ರಬ್ಬರ್ ಹಾಳೆ. ಪ್ರತಿ ಗುಂಡಿಯ ಹಿಂದೆ ಕಪ್ಪು ಕಾರ್ಬನ್ ಬಿಲ್ಲೆ. ಅದಕ್ಕೆ ಎದುರಾಗಿ ಬೋರ್ಡಿನ ಮೇಲೆ, ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ಕೂರಿಸಿದ ಹಾಗೆ ಗೆರೆಗಳು. ಒತ್ತಿದಾಗ ಬಿಲ್ಲೆ ಎರಡೂ ಬಾಚಣಿಗೆಯನ್ನು ಸೇರಿಸುತ್ತದೆ, ಅಷ್ಟೇ. ವಾಲ್ಯೂಮ್ ಗುಂಡಿಯ ಕೆಳಗೆ ನೋಡಿ. ಅಂಟಂಟಾದ ಜಿಡ್ಡು ಕೂತಿರುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಬಿಲ್ಲೆಯನ್ನು ಜೋರಾಗಿ ತಿಕ್ಕಬೇಡಿ, ಕಾರ್ಬನ್ ಎದ್ದುಬರುತ್ತದೆ. ಸೆಲ್‌ನ ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಒಂದು ತೊಟ್ಟು ನಿಂಬೆರಸ ಹಚ್ಚಿ ಉಜ್ಜಿ, ನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ.

ಒಂದು ವಿಷಯ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ರಿಮೋಟ್‌ನ ಬೆಳಕು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಸಲ ಹತ್ತಿ ಆರುತ್ತದೆ. ಟ್ಯೂಬ್‌ಲೈಟು, ಬಿಸಿಲಿನ ನಡುವೆಯೂ ಟೀವಿ ಇದನ್ನು ಗುರುತಿಸಬೇಕಲ್ಲ, ಅದಕ್ಕೆ. ಎಷ್ಟೋ ಹಳೇ ರಿಮೋಟ್‌ಗಳಲ್ಲಿ 455 ಅಂತ ಬರೆದ ಪುಟ್ಟ ರೆಸೊನೇಟರ್ (ಈ ಮಿನುಗಿಗೆ ತಾಳ ಹಾಕುವ ಬಿಡಿಭಾಗ) ಸಿಗುತ್ತದೆ. 455 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 455 ಸಾವಿರ ಸಲ) ಅನ್ನು 12ರಿಂದ ಭಾಗಿಸಿ, ಅದೇ 38 ಸಾವಿರದ ಹತ್ತಿರ ಬರುತ್ತದೆ. ಅಜ್ಜನ ಕಾಲದ ಮೀಡಿಯಂ ವೇವ್ ರೇಡಿಯೊಗಳ ಒಳಗೂ ಇದೇ 455 ಇತ್ತು. ರಿಮೋಟ್ ಕೆಳಗೆ ಬಿದ್ದು ಪೂರ್ತಿ ಸತ್ತಿದ್ದರೆ ನಾನು ಮೊದಲು ಅನುಮಾನ ಪಡುವುದು ಈ ರೆಸೊನೇಟರನ್ನೇ. ಅದರ ಒಳಗಿರುವುದು ಪಿಂಗಾಣಿಯಂಥ ಬಿಲ್ಲೆ, ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ.

ರಿಮೋಟ್ ಆದ ಮೇಲೆ? ಸೀಲಿಂಗ್ ಫ್ಯಾನ್. ನಮ್ಮ ಚಿಕ್ಕಮ್ಮ ಎರಡು ಬೇಸಿಗೆ ಪೂರ್ತಿ ಫ್ಯಾನ್ ಸ್ವಿಚ್ ಹಾಕಿ, ಪೊರಕೆಯ ಕೋಲಿನಿಂದ ರೆಕ್ಕೆ ತಳ್ಳುತ್ತಿದ್ದರು. ಆಮೇಲೆ ಅದು ನಿಧಾನಕ್ಕೆ ತಿರುಗುತ್ತಿತ್ತು. ಮೋಟಾರ್ ಹೋಗಿದೆ, ರಿವೈಂಡಿಂಗ್ ಮಾಡಿಸಬೇಕು ಅಂತ ಯಾರೋ ಹೇಳಿದ್ದರಂತೆ. ನಾನು ಮೇಲಿನ ಬಟ್ಟಲು ಇಳಿಸಿ ಕೆಪಾಸಿಟರ್ (ಕರೆಂಟನ್ನು ಚೂರು ಹಿಡಿದಿಡುವ ಬಿಡಿಭಾಗ) ತೆಗೆದು ಅಳೆದೆ. ಮೈಮೇಲೆ 2.5 ಮೈಕ್ರೋಫ್ಯಾರಡ್ ಅಂತ ಅಚ್ಚಾಗಿತ್ತು, ಮೀಟರ್ 1.3 ತೋರಿಸಿತು. ಒಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳು ಲೋಹದ ಲೇಪ ಇರುತ್ತದೆ. ಹಾಳೆಯಲ್ಲಿ ಎಲ್ಲಾದರೂ ತೂತು ಬಿದ್ದರೆ ಅಲ್ಲಿನ ಲೇಪ ಸುಟ್ಟು, ಗಾಯ ತಾನೇ ಮಾಗುತ್ತದೆ. ಆದರೆ ಪ್ರತಿ ಸಲ ಲೇಪ ಚೂರು ಕಡಿಮೆಯಾಗುತ್ತದೆ, ವರ್ಷಗಟ್ಟಲೆ ಹೀಗೇ ಸವೆಯುತ್ತದೆ. ಫ್ಯಾನ್‌ನ ಎರಡು ಸುರುಳಿಗಳಲ್ಲಿ ಒಂದಕ್ಕೆ ಕರೆಂಟು ಇದರ ಮೂಲಕವೇ ಹೋಗಬೇಕು. ಎರಡೂ ಸುರುಳಿಗಳ ಕರೆಂಟಿನ ನಡುವೆ ಹೀಗೆ ಹುಟ್ಟುವ ಚೂರು ಸಮಯದ ಅಂತರವೇ ರೆಕ್ಕೆಗೆ ಮೊದಲ ತಳ್ಳು. ಅಂದರೆ ಚಿಕ್ಕಮ್ಮನ ಕೋಲು ಇಷ್ಟು ದಿನ ಮಾಡಿದ್ದು ಕೆಪಾಸಿಟರ್‌ನ ಕೆಲಸವನ್ನೇ. ನೂರು ರೂಪಾಯಿಯೊಳಗೆ ಹೊಸದು ಸಿಕ್ಕಿತು. ಫ್ಯಾನ್ ತಾನೇ ಹೊರಟಾಗ ಚಿಕ್ಕಮ್ಮ ಕೋಲು ಹಿಡಿದುಕೊಂಡೇ ನಿಂತಿದ್ದರು. (ಕಡಿಮೆ ಕರೆಂಟಿನಲ್ಲಿ ನಡೆಯುವ ಹೊಸ ಬಿಎಲ್‌ಡಿಸಿ ಫ್ಯಾನ್‌ಗಳ ಕಥೆ ಬೇರೆ, ಅವಕ್ಕೆ ಒಳಗೆ ಸರ್ಕ್ಯೂಟ್ ಬೋರ್ಡೇ ಇರುತ್ತದೆ.)

ಇಲ್ಲಿ 230 ವೋಲ್ಟ್ ಇದೆ ಅನ್ನೋದು ನೆನಪಿರಲಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಕೆಲವು ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುತ್ತದೆ, ಆರಿಸಿದರೂ ಫ್ಯಾನ್‌ನ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಎಂಸಿಬಿ (ಮೇನ್ ಬೋರ್ಡಿನ ಸರ್ಕ್ಯೂಟ್ ಬ್ರೇಕರ್) ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ. ಮೈಕ್ರೋವೇವ್ ಅವನ್ ಮಾತ್ರ ಬಿಚ್ಚಲೇಬೇಡಿ. ಅದರ ಕೆಪಾಸಿಟರ್ 2000 ವೋಲ್ಟ್ ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಹಿಡಿದಿಟ್ಟಿರಬಹುದು. ಊದಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಬಗ್ಗಿಸಬೇಡಿ.

ಸಾಮಾನು ಏನು ಬೇಕು ಅಂತಲೂ ಕೇಳುತ್ತಾರೆ. ವೈರು ತುಂಡಾಗದೆ ಸರಿಯಿದ್ದರೆ ಬೀಪ್ ಮಾಡುವ, ಕೆಪಾಸಿಟರ್ ಅಳೆಯುವ ಒಂದು ಮಲ್ಟಿಮೀಟರ್. ಬಿಡಿಭಾಗ ಬೆಸೆಯೋಕೆ 25 ವ್ಯಾಟ್‌ನ ಸಾಲ್ಡರಿಂಗ್ ಐರನ್. 60/40 ಸಾಲ್ಡರ್ ವೈರು (60 ಪಾಲು ತವರ, 40 ಪಾಲು ಸೀಸ). ಸಣ್ಣ ಸ್ಕ್ರೂಡ್ರೈವರ್ ಸೆಟ್. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ. ಈ ಸಾಲ್ಡರ್‌ನಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಇನ್ನೊಂದು, ಹಳೇ ಇಡ್ಲಿ ತಟ್ಟೆ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಯಲ್ಲಿ ಸ್ಕ್ರೂ ಹಾಕುತ್ತಾ ಹೋಗಿ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರಾಯಿತು.

ಪಿಯುಸಿ ಹುಡುಗ ನಿನ್ನೆ ಬಂದಿದ್ದ. ರಿಮೋಟ್‌ನ ವಾಲ್ಯೂಮ್ ಗುಂಡಿ ಕೆಲಸ ಮಾಡುತ್ತಿದೆಯಂತೆ. "ಅಂಕಲ್, ನಮ್ಮ ಮಿಕ್ಸಿ ಒಳಗೆ ಜಾಸ್ತಿ ಕಿಡಿ ಬರ್ತಿದೆ. ಬಿಚ್ಚಲಾ?" ಅಂದ. ಪ್ಲಗ್ ಕಿತ್ತು, ಕೆಳಗಿನ ಮುಚ್ಚಳ ತೆಗೆದು, ತಿರುಗುವ ಮೋಟಾರಿಗೆ ಉಜ್ಜುತ್ತಾ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಎಷ್ಟು ಉಳಿದಿದೆ ನೋಡಿಕೊಂಡು ಬಾ ಅಂದಿದ್ದೇನೆ.